ನಾಲ್ಕೂ ಮುಕ್ಕಾಲರ ಬಸ್ಸು ನಿಂತ ಮೇಲೆ: ಮಲೆನಾಡಿನ ಒಂದು ಖಾಸಗಿ ಶಾಲೆಯ ಪ್ರಕರಣ

ನಮ್ಮ ಶಾಲೆಯ ಜಗಲಿಯಲ್ಲಿ ಕೊಡೆ ತೂಗುಹಾಕುವುದಕ್ಕೆ ಎರಡು ತಂತಿಗಳಿವೆ. ಒಂದು ಹುಡುಗರದು, ಇನ್ನೊಂದು ಹುಡುಗಿಯರದು. ಹಾಗೆಂದು ಯಾರೂ ನಿಯಮ ಮಾಡಿದ್ದಲ್ಲ, ಬಳಕೆಯಿಂದ ಬಂದದ್ದು. ಜೂನ್‌ನಲ್ಲಿ ಮಳೆ ಹಿಡಿದರೆ ದಸರಾ ಕಳೆಯುವವರೆಗೂ ಆ ತಂತಿಗಳ ಕೆಳಗಿನ ನೆಲ ಒಣಗುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಏಳನೆಯ ಪೀರಿಯಡ್ ತೆಗೆದುಕೊಳ್ಳಲು ಹತ್ತನೆಯ ತರಗತಿಗೆ ಹೋಗುವಾಗಲೆಲ್ಲ ಹುಡುಗಿಯರ ತಂತಿ ಬೋಳಾಗಿರುತ್ತಿತ್ತು. ಗಂಟೆ ಆಗ ಮೂರು. ಶಾಲೆ ಬಿಡುವುದು ನಾಲ್ಕೂ ಇಪ್ಪತ್ತಕ್ಕೆ. ತರಗತಿಯೊಳಗೆ ಎಡಗಡೆಯ ಬೆಂಚುಗಳೂ ಹಾಗೆಯೇ ಖಾಲಿ. ಹುಡುಗಿಯರು ಮೂರೂ ಇಪ್ಪತ್ತರ ಬಸ್ಸಿಗೆ ಓಡಿದ್ದಾರೆ ಎಂದು ನನಗೆ ಗೊತ್ತಿತ್ತು. ಇನ್ನೊಂದೆರಡು ವಾರದಲ್ಲಿ ಸಂಜೆಯ ಬಸ್ಸು ಮತ್ತೆ ಶುರುವಾಗುತ್ತದೆ, ಅಲ್ಲಿಯವರೆಗೆ ನಡೆಯಲಿ ಎಂದುಕೊಂಡು ಪಾಠ ಮುಂದುವರಿಸಿದೆ. ಆ ಬಸ್ಸು ಬರಲೇ ಇಲ್ಲ.

ಒಂದು ಬಸ್ಸು ನಿಂತದ್ದರಿಂದ ಒಂದು ಶಾಲೆಗೆ ಏನೇನಾಯಿತು, ನಾವು ಏನೇನು ಮಾಡಿದೆವು, ಯಾವುದು ಕೈಗೂಡಿತು, ಯಾವುದು ಕೈಕೊಟ್ಟಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ್ದೇನೆ, ಈಗ ಆಡಳಿತ ಮಂಡಳಿಯಲ್ಲಿದ್ದೇನೆ. ಊರು ಚಿಕ್ಕದು. ಹೆಸರು ಬರೆದರೆ ಯಾವ ಮನೆಯ ಮಗು ಎಂದು ಓದುವವರಿಗೆ ತಿಳಿದುಬಿಡುತ್ತದೆ. ಆದ್ದರಿಂದ ಶಾಲೆಯ ಹೆಸರನ್ನೂ ಊರಿನ ಹೆಸರನ್ನೂ ಬಿಟ್ಟಿದ್ದೇನೆ.

ಶಾಲೆ ಎಂಥದ್ದು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ 169ಎ ಹೆದ್ದಾರಿಯಲ್ಲಿ ಸ್ವಲ್ಪ ದೂರ ಬಂದು, ಒಳರಸ್ತೆಗೆ ತಿರುಗಿ, ಎರಡು ಹಳ್ಳ ದಾಟಿದರೆ ಶಾಲೆ ಸಿಗುತ್ತದೆ. ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹೆಂಚಿನ ಮಾಡು, ಹಿಂದೆ ಗುಡ್ಡ, ಮುಂದೆ ಗದ್ದೆಬಯಲು. 1996ರ ಜೂನ್‌ನಲ್ಲಿ ಆರಂಭವಾದಾಗ ಅಡಿಕೆ ದಬ್ಬೆಯಿಂದ ಮಾಡಿದ ಬೆಂಚುಗಳ ಮೇಲೆ ಮಕ್ಕಳು ಕೂರುತ್ತಿದ್ದರು. ಜಾಗ ಕೊಟ್ಟವರು ಒಬ್ಬ ಬೆಳೆಗಾರರು. ಮರ, ಹೆಂಚು, ಆಳುಗಳ ಕೂಲಿಯನ್ನು ಸುತ್ತಲಿನ ಮನೆಗಳವರು ಹಂಚಿಕೊಂಡರು. ಒಂದರಿಂದ ಹತ್ತನೆಯ ತರಗತಿಯವರೆಗೆ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಟ್ಟಿಗೆ ಓದುತ್ತಾರೆ. ಈ ಪ್ರಕರಣ ನಡೆದ ವರ್ಷ ಇದ್ದವರು ನೂರ ಅರವತ್ತು ಮಕ್ಕಳು, ಹನ್ನೊಂದು ಜನ ಶಿಕ್ಷಕರು.

ಕಾಗದಪತ್ರಗಳಲ್ಲಿ ನಮ್ಮನ್ನು ಖಾಸಗಿ ಅನುದಾನ ರಹಿತ ಶಾಲೆ ಎಂದು ಬರೆಯುತ್ತಾರೆ. ಈ ಹೆಸರನ್ನು ಕೇಳಿದೊಡನೆ ಜನರ ಕಣ್ಣಿಗೆ ಕಟ್ಟುವುದು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಗಾಜಿನ ಕಟ್ಟಡದಲ್ಲಿ ನಡೆಯುವ, ಲಕ್ಷಗಟ್ಟಲೆ ಶುಲ್ಕ ಕೇಳುವ ಶಾಲೆ. ಕಾನೂನಿನ ಕಣ್ಣಿನಲ್ಲಿ ಅದೂ ನಾವೂ ಒಂದೇ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳಿಗೂ ಅನುದಾನ ಕೊಡಿ ಎಂಬ ಬೇಡಿಕೆ ರಾಜ್ಯದಲ್ಲಿ ಬಹಳ ಹಳೆಯದು. ಒಂದೇ ವರ್ಷದ ಅಂತರದಲ್ಲಿ ನಾವು ಆ ಗೆರೆಯ ಆಚೆ ಉಳಿದೆವು. ಅನುದಾನವಿಲ್ಲ ಎಂದರೆ ಶಿಕ್ಷಕರ ಸಂಬಳವೊಂದೇ ಇಲ್ಲ ಎಂದಲ್ಲ. ಅಕ್ಷರ ದಾಸೋಹದ ಬಿಸಿಯೂಟ ಇಲ್ಲ. 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲು ಇಲ್ಲ. ಎಂಟನೆಯ ತರಗತಿಗೆ ಕೊಡುತ್ತಿದ್ದ ಸೈಕಲ್ ಯೋಜನೆ 2006-07ರಲ್ಲಿ ಆರಂಭವಾದಾಗ ಅದೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೇ ಆಯಿತು. ನಮ್ಮ ಮಕ್ಕಳು ಪಠ್ಯಪುಸ್ತಕವನ್ನೂ ದುಡ್ಡು ಕೊಟ್ಟೇ ಕೊಳ್ಳಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಶೇಕಡ 25ರಷ್ಟು ಸೀಟುಗಳಿಗೆ ಸರ್ಕಾರ ತುಂಬಿಕೊಡುತ್ತಿದ್ದ ಹಣ ಕೆಲವು ವರ್ಷ ಆಸರೆಯಾಗಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಸೀಟು ಇಲ್ಲ ಎಂದು 2019ರಲ್ಲಿ ನಿಯಮ ಬದಲಾದ ಮೇಲೆ ಹೊಸ ಮಕ್ಕಳು ಆ ದಾರಿಯಲ್ಲಿ ಬರುವುದು ನಿಂತಿತು.

ಮಾಧ್ಯಮದ ವಿಷಯವನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಶಿಕ್ಷಣ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪು ಕೊಟ್ಟಿತು. ಅದಾದ ಮೇಲೆ ಪೋಷಕರ ಒತ್ತಾಯಕ್ಕೆ ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ಆರಂಭಿಸಿದೆವು. ಪ್ರೌಢಶಾಲೆಯಲ್ಲಿ ಆಗ ಇನ್ನೂ ಕನ್ನಡ ಮಾಧ್ಯಮವೇ ಇತ್ತು.

ಶುಲ್ಕ ಬರುವುದು ಅಡಿಕೆಯ ಲೆಕ್ಕದಲ್ಲಿ. ಜೂನ್‌ನಲ್ಲಿ ಪುಸ್ತಕ, ಸಮವಸ್ತ್ರ ಎಂದು ಮನೆಗಳಲ್ಲಿ ಕೈ ಬರಿದಾಗಿರುತ್ತದೆ. ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಖರ್ಚೂ ಆಗಲೇ ಬರುತ್ತದೆ. ಕೊಯ್ಲು ಮುಗಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೆ, ಅಂದರೆ ಜನವರಿಯ ಆಸುಪಾಸಿನಲ್ಲಿ, ಬಾಕಿ ಕಟ್ಟುತ್ತಾರೆ. ಅದುವರೆಗೆ ಶಿಕ್ಷಕರ ಸಂಬಳಕ್ಕೆ ಸಹಕಾರ ಸಂಘದ ಸಾಲವೇ ಗತಿ. ಹಣದ ಈ ಚಕ್ರ ಮುಂದೆ ವ್ಯಾನಿನ ವಿಷಯದಲ್ಲಿ ಕೆಲಸಕ್ಕೆ ಬಂತು.

ಇಷ್ಟೆಲ್ಲ ಕೊರತೆಯಿರುವಾಗ ಜನ ಏಕೆ ಇಲ್ಲಿಗೇ ಕಳಿಸುತ್ತಾರೆ? ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಉತ್ತರ ಹೆಚ್ಚುಕಡಿಮೆ ಒಂದೇ: ಮಗು ಸಂಜೆ ಮನೆಗೆ ಬರುತ್ತದೆ. ಆರನೆಯ ತರಗತಿಗೆ ಗಾಜನೂರಿನ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಎಂದು ಪರೀಕ್ಷೆ ಬರೆದು ಚುರುಕಾದ ಮಕ್ಕಳು ಹೋಗುವುದು ಇದ್ದೇ ಇದೆ. ಉಳಿದ ಮನೆಗಳು ತಮ್ಮ ಮಕ್ಕಳನ್ನು ಹದಿನಾರು ವರ್ಷದವರೆಗಾದರೂ ಕಣ್ಣೆದುರಿಗೆ ಇಟ್ಟುಕೊಳ್ಳಬೇಕೆಂದು ಬಯಸುತ್ತವೆ. ಎಸ್ಸೆಸ್ಸೆಲ್ಸಿ ಮುಗಿದರೆ ಹೇಗೂ ಶಿವಮೊಗ್ಗ, ಮಂಗಳೂರು, ಬೆಂಗಳೂರು. ಆಮೇಲೆ ಅವರು ಹಬ್ಬಕ್ಕೆ ಬರುವ ನೆಂಟರು.

ಬಸ್ಸು

ಮಲೆನಾಡಿನಲ್ಲಿ ಬಸ್ಸೆಂದರೆ ಖಾಸಗಿ ಬಸ್ಸು. ಹೆದ್ದಾರಿ ಬಿಟ್ಟು ಒಳಕ್ಕೆ ಹೋದಷ್ಟೂ ಈ ಮಾತು ಹೆಚ್ಚು ನಿಜ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿಕೊಂಡ ಸಹಕಾರ ಸಾರಿಗೆ ಎಷ್ಟೋ ಒಳಊರುಗಳನ್ನು ಪೇಟೆಗೆ ಜೋಡಿಸಿತ್ತು. 2020ರಲ್ಲಿ ಅದೇ ನಿಂತುಹೋಯಿತು ಎಂದರೆ ಉಳಿದ ಒಂದೆರಡು ಬಸ್ಸಿನ ಮಾಲೀಕರ ಪಾಡು ಹೇಗಿದ್ದೀತು ಎಂದು ಊಹಿಸಬಹುದು. ನಮ್ಮ ಒಳರಸ್ತೆಯಲ್ಲಿ ಇದ್ದದ್ದು ಒಂದೇ ಬಸ್ಸು, ದಿನಕ್ಕೆ ನಾಲ್ಕು ಸಲ ಓಡಾಡುತ್ತಿತ್ತು. ಬೆಳಿಗ್ಗೆ ಒಂಬತ್ತೂ ಕಾಲಿಗೆ ಮಕ್ಕಳನ್ನು ತಂದು ಇಳಿಸುತ್ತಿತ್ತು, ಸಂಜೆ ನಾಲ್ಕೂ ಮುಕ್ಕಾಲಿಗೆ ಹತ್ತಿಸಿಕೊಂಡು ಹೋಗುತ್ತಿತ್ತು. ಮಕ್ಕಳಿಗೆ ಅರ್ಧ ಟಿಕೆಟ್. ರಾತ್ರಿ ಹದಿನೇಳು ಕಿಲೋಮೀಟರ್ ಆಚೆಯ ಕೊನೆಯ ಊರಿನಲ್ಲಿ ನಿಲ್ಲುತ್ತಿತ್ತು. ಕಂಡಕ್ಟರಿಗೆ ಎಲ್ಲ ಮಕ್ಕಳ ಹೆಸರೂ ಗೊತ್ತಿತ್ತು. ಯಾರಾದರೂ ಬಾರದಿದ್ದರೆ ಇನ್ನೆರಡು ನಿಮಿಷ ಕಾಯೋಣ ಎನ್ನುತ್ತಿದ್ದರು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಮಾಲೀಕರು ತೆರಿಗೆಯ ಭಾರ ತಪ್ಪಿಸಿಕೊಳ್ಳಲು ಬಸ್ಸಿನ ದಾಖಲೆಗಳನ್ನು ಸಾರಿಗೆ ಇಲಾಖೆಗೆ ಒಪ್ಪಿಸಿದರು. ಆ ವರ್ಷಗಳಲ್ಲಿ ನೂರಾರು ಬಸ್ಸುಗಳದು ಇದೇ ಕಥೆ. 2021ರ ಆಗಸ್ಟ್ 23ಕ್ಕೆ ಒಂಬತ್ತು ಮತ್ತು ಹತ್ತನೆಯ ತರಗತಿಗಳು ತೆರೆದವು, ಸೆಪ್ಟೆಂಬರ್ 6ಕ್ಕೆ ಎಂಟನೆಯದು. ಬಸ್ಸೂ ಬಂತು, ಆದರೆ ನಾಲ್ಕರ ಬದಲು ಎರಡೇ ಸಲ. ಬೆಳಗಿನದು ಹಾಗೆಯೇ ಉಳಿಯಿತು. ಊರಿನ ಕಡೆಗೆ ಹಿಂತಿರುಗುವುದು ಮೂರೂ ಇಪ್ಪತ್ತಕ್ಕೇ ಆಯಿತು. ಡೀಸೆಲ್ಲಿಗೂ ಹುಟ್ಟುವುದಿಲ್ಲ ಎಂದು ಮಾಲೀಕರು ಹೇಳಿದ್ದನ್ನು ನಾನು ಸುಳ್ಳೆನ್ನುವುದಿಲ್ಲ. ಮನೆಮನೆಗೂ ಬೈಕು ಬಂದಿತ್ತು. ಸಂಜೆಯ ಬಸ್ಸಿನಲ್ಲಿ ನಮ್ಮ ಮಕ್ಕಳ ಅರ್ಧ ಟಿಕೆಟ್ ಬಿಟ್ಟರೆ ಆರೇಳು ಜನ.

ಪ್ರೌಢಶಾಲೆಯ ಐವತ್ತೆಂಟು ಮಕ್ಕಳಲ್ಲಿ ಇಪ್ಪತ್ತೇಳು ಹುಡುಗಿಯರು. ಅವರಲ್ಲಿ ಹದಿನಾರು ಜನ ಆ ಬಸ್ಸಿನವರು. ಹುಡುಗರೂ ಬಸ್ಸಿನವರಿದ್ದರು, ಆದರೆ ಅವರು ನಾಲ್ಕೂ ಇಪ್ಪತ್ತರವರೆಗೆ ಕೂತು, ಆಮೇಲೆ ಗೊಬ್ಬರ ಇಳಿಸಿ ಹಿಂತಿರುಗುವ ಪಿಕಪ್ ಹತ್ತಿಯೋ, ಅಣ್ಣಂದಿರ ಬೈಕಿನ ಹಿಂದೆ ಕೂತೋ, ಏಳೆಂಟು ಕಿಲೋಮೀಟರ್ ನಡೆದೋ ಮನೆ ಸೇರುತ್ತಿದ್ದರು. ಹೆಣ್ಣುಮಕ್ಕಳನ್ನು ಹಾಗೆ ಬಿಡಲು ಯಾವ ಮನೆಯೂ ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟಿದೊಡನೆ ಸೂರ್ಯ ಮುಳುಗುತ್ತಾನೆ, ಕಾನಿನೊಳಗಿನ ರಸ್ತೆಯಲ್ಲಿ ಅದಕ್ಕೂ ಅರ್ಧ ಗಂಟೆ ಮೊದಲೇ ಕತ್ತಲೆ. ಜುಲೈಯಲ್ಲಿ ಮಳೆ ಕವಿದರೆ ಹಗಲು ಮೂರಕ್ಕೇ ದೀಪ ಹಾಕಬೇಕು. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಆಗುಂಬೆಯ ಮಳೆಯ ಅಂಚಿನಲ್ಲಿರುವವರು ನಾವು. ಹಳ್ಳ ಏರಿದರೆ ಕಾಲುಸಂಕದ ಮೇಲೆ ದೊಡ್ಡವರೇ ಕೈ ಹಿಡಿದು ದಾಟಿಸಬೇಕು. ಕಾಟಿಗಳ, ಅಂದರೆ ಕಾಡುಕೋಣಗಳ, ಓಡಾಟವೂ ಇದೆ. ತಂದೆತಾಯಿಗಳ ಅಂಜಿಕೆಯನ್ನು ನಾನು ತಪ್ಪೆನ್ನಲಾರೆ.

ಹಾಜರಿ ಪುಸ್ತಕದಲ್ಲಿ ಕಾಣದ್ದು

ಶಾಲೆಯಲ್ಲಿ ಹಾಜರಿ ಹಾಕುವುದು ಎರಡು ಹೊತ್ತು, ಬೆಳಿಗ್ಗೆ ಮತ್ತು ಮಧ್ಯಾಹ್ನದ ಊಟದ ನಂತರ. ಮೂರಕ್ಕೆ ಹೊರಟ ಹುಡುಗಿ ಎರಡೂ ಹೊತ್ತು ಹಾಜರಾದವಳೇ. ಆದ್ದರಿಂದ ಹಾಜರಿ ಪುಸ್ತಕ ತುಂಬಿತ್ತು, ಇಲಾಖೆಗೆ ಕಳಿಸಿದ ಅಂಕಿಗಳು ತುಂಬಿದ್ದವು, ಶಾಲೆ ಬಿಟ್ಟ ಮಕ್ಕಳ ಸಂಖ್ಯೆ ಸೊನ್ನೆ. ಶಾಲೆಯನ್ನು ಯಾರು ಬಂದು ಪರಿಶೀಲಿಸಿದ್ದರೂ ಎಲ್ಲ ಸರಿಯಿದೆ ಎಂದೇ ಬರೆದು ಹೋಗುತ್ತಿದ್ದರು.

ನನಗೆ ಕಣ್ಣು ತೆರೆದದ್ದು ಡಿಸೆಂಬರ್‌ನಲ್ಲಿ, ಗಣಿತದ ನೋಟ್ ಪುಸ್ತಕಗಳನ್ನು ತಿದ್ದಲು ಮನೆಗೆ ತಂದಾಗ. ವಾರಕ್ಕೆ ಎರಡು ದಿನ ಗಣಿತ ಮೊದಲ ಪೀರಿಯಡ್, ಮೂರು ದಿನ ಏಳನೆಯ ಪೀರಿಯಡ್. ಹದಿನಾರರಲ್ಲಿ ಹತ್ತನೆಯ ತರಗತಿಯ ಆರು ಪುಸ್ತಕಗಳನ್ನು ಒಂದರ ಪಕ್ಕ ಒಂದು ಬಿಚ್ಚಿಟ್ಟೆ. ತ್ರಿಭುಜಗಳ ಅಧ್ಯಾಯದಲ್ಲಿ ಥೇಲ್ಸ್ ಪ್ರಮೇಯದ ಹೇಳಿಕೆ ಎಲ್ಲರಲ್ಲೂ ಇತ್ತು, ಚಿತ್ರವೂ ಇತ್ತು, ಸಾಧನೆಯ ಜಾಗ ಖಾಲಿ. ಮುಂದಿನ ಪುಟದಲ್ಲಿ ಅದನ್ನು ಬಳಸಿ ಮಾಡಿದ ಲೆಕ್ಕಗಳು ಹುಡುಗರ ಪುಸ್ತಕ ನೋಡಿ ಇಳಿಸಿಕೊಂಡವು. ಇಳಿಸುವಾಗ ಆದ ತಪ್ಪು ಆರರಲ್ಲೂ ಒಂದೇ. ಒಬ್ಬಳು ಖಾಲಿ ಜಾಗದ ಮೂಲೆಯಲ್ಲಿ ಪೆನ್ಸಿಲ್‌ನಿಂದ ‘ಬಾಕಿ’ ಎಂದು ಸಣ್ಣದಾಗಿ ಬರೆದುಕೊಂಡಿದ್ದಳು. ಪುಟ ತಿರುವಿದಂತೆಲ್ಲ ಆ ಪದ ಮತ್ತೆ ಮತ್ತೆ ಸಿಕ್ಕಿತು. ಹನ್ನೊಂದು ಸಲ. ಅದು ಅವಳು ನನಗೆ ಬರೆದ ದೂರು ಅಲ್ಲ, ಎಂದಾದರೂ ಕೇಳಿ ಹೇಳಿಸಿಕೊಳ್ಳೋಣ ಎಂದು ತನಗೆ ತಾನೇ ಇಟ್ಟುಕೊಂಡ ಗುರುತು. ಆ ರಾತ್ರಿ ನಾನು ಲೆಕ್ಕ ಹಾಕಿದೆ. ದಿನಕ್ಕೆ ನಲವತ್ತು ನಿಮಿಷದ ಎರಡು ಪೀರಿಯಡ್, ವಾರಕ್ಕೆ ಐದು ದಿನ, ಅಂದರೆ ನಾನೂರು ನಿಮಿಷ. ಶನಿವಾರದ ಅರ್ಧ ದಿನವನ್ನು ಬಿಟ್ಟು ವರ್ಷಕ್ಕೆ ನೂರ ಎಂಬತ್ತು ದಿನ ಹಿಡಿದರೂ ಇನ್ನೂರ ನಲವತ್ತು ಗಂಟೆ. ಹತ್ತನೆಯ ತರಗತಿಗೆ ಸಂಜೆ ನಡೆಸುತ್ತಿದ್ದ ವಿಶೇಷ ತರಗತಿ ಇದರಲ್ಲಿ ಸೇರಿಲ್ಲ.

ಮೊದಲು ಮಾಡಿದ ಪರಿಹಾರ ಅತಿ ಸುಲಭದ್ದು, ಅದಕ್ಕೇ ಅತಿ ಕೆಟ್ಟದ್ದು ಎಂದು ಈಗ ಅನ್ನಿಸುತ್ತದೆ. ವೇಳಾಪಟ್ಟಿ ಬದಲಿಸಿ ಗಣಿತ, ವಿಜ್ಞಾನ, ಇಂಗ್ಲಿಷನ್ನು ಮೂರು ಗಂಟೆಯೊಳಗೆ ತಂದೆವು. ಆಟ, ಚಿತ್ರಕಲೆ, ಗ್ರಂಥಾಲಯ, ಪ್ರಯೋಗಾಲಯವನ್ನು ಕೊನೆಗೆ ತಳ್ಳಿದೆವು. ಪಾಠದ ನಷ್ಟ ನಿಂತಿತು ಎಂದು ನಾನೇ ಸಭೆಯಲ್ಲಿ ಹೇಳಿದೆ. ಆದರೆ ಆ ದಿನದಿಂದ ಮೈದಾನಕ್ಕೆ ಇಳಿದವರು ಹುಡುಗರು ಮಾತ್ರ. ಶಾಲೆಯಲ್ಲಿ ಖೋಖೋ ಎಂದರೆ ಹುಡುಗಿಯರದು ಎಂಬ ಮಾತಿತ್ತು. ಮುಂದಿನ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ನಮ್ಮ ಹುಡುಗಿಯರ ತಂಡವೇ ಹೋಗಲಿಲ್ಲ, ಒಂಬತ್ತು ಜನ ಒಟ್ಟಿಗೆ ಅಭ್ಯಾಸ ಮಾಡಲು ಹೊತ್ತೇ ಇರಲಿಲ್ಲ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ಮುಟ್ಟುವವರು ಹುಡುಗರು, ಮಾರನೆಯ ದಿನ ಚಿತ್ರ ನೋಡಿ ಬರೆದುಕೊಳ್ಳುವವರು ಹುಡುಗಿಯರು. ಗಂಡು ಹೆಣ್ಣು ಒಟ್ಟಿಗೆ ಓದುವ ಶಾಲೆ ಎಂದು ಫಲಕದಲ್ಲಿ ಬರೆದುಕೊಂಡ ನಾವು, ದಿನದ ಕೊನೆಯ ಎಂಬತ್ತು ನಿಮಿಷ ಗಂಡುಮಕ್ಕಳ ಶಾಲೆ ನಡೆಸುತ್ತಿದ್ದೆವು. ಅದನ್ನು ಗಮನಕ್ಕೆ ತಂದವರು ನಮ್ಮ ದೈಹಿಕ ಶಿಕ್ಷಕಿ. ಅವರಿಗೆ ನಾನು ಇಂದಿಗೂ ಋಣಿ.

2022ರ ಜೂನ್‌ನಲ್ಲಿ ಶಾಲೆಯ ವೇಳೆಯನ್ನೇ ಹಿಂದಕ್ಕೆ ಸರಿಸಿದೆವು. ಒಂಬತ್ತೂ ಇಪ್ಪತ್ತಕ್ಕೆ ಆರಂಭ, ಊಟದ ಬಿಡುವು ಅರ್ಧ ಗಂಟೆ, ಪ್ರಾರ್ಥನೆ ತರಗತಿಯಲ್ಲೇ, ಮೂರಕ್ಕೆ ಮುಕ್ತಾಯ. ಬಸ್ಸಿನ ಮಕ್ಕಳಿಗೆ ಹೊಂದಿತು. ಗುಡ್ಡ ಇಳಿದು ಗದ್ದೆಯ ಬದುವಿನಲ್ಲಿ ನಡೆದು ಬರುವ ಚಿಕ್ಕ ಮಕ್ಕಳಿಗೆ ಹೊಂದಲಿಲ್ಲ. ಮಳೆಗಾಲದ ಬೆಳಿಗ್ಗೆ ಹಟ್ಟಿಯ ಕೆಲಸ ಮುಗಿಸಿ ಮಕ್ಕಳನ್ನು ಹೊರಡಿಸುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಸಂಜೆ ಹೋಗುತ್ತಿದ್ದ ನಷ್ಟ ಬೆಳಿಗ್ಗೆಗೆ ಬಂತು, ಹದಿನಾರು ಮಕ್ಕಳ ಬದಲು ಮೂವತ್ತು ಮಕ್ಕಳಿಗೆ. ಒಂದು ತಿಂಗಳಿಗೆ ಕೈಬಿಟ್ಟೆವು. ಸರ್ಕಾರಿ ಬಸ್ಸಿಗಾಗಿ ಕೊಟ್ಟ ಮನವಿಗೆ ಹೋದವರು ಬಂದವರು ಎಲ್ಲರೂ ಸಹಿ ಹಾಕಿದರು. ಎರಡನೆಯ ಹಳ್ಳದ ಮೋರಿ ಕಿರಿದು, ದೊಡ್ಡ ಬಸ್ಸು ತಿರುಗಲಾರದು ಎಂಬಲ್ಲಿಗೆ ಆ ವಿಷಯ ನಿಂತಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾದಾಗ ನಮ್ಮ ಹುಡುಗಿಯರು ಅದನ್ನು ಟಿವಿಯಲ್ಲಿ ನೋಡಿದರು. ಅವರ ರಸ್ತೆಗೆ ಆ ಬಸ್ಸೇ ಬರುವುದಿಲ್ಲ.

ಹಾಸ್ಟೆಲ್ ಕಟ್ಟೋಣ ಎಂಬ ಮಾತು

2022ರ ಆಗಸ್ಟ್‌ನಲ್ಲಿ ಪೋಷಕರ ಸಭೆ ಕರೆದೆವು. ಹೊರಗೆ ಮಳೆ ಹೊಯ್ಯುತ್ತಿತ್ತು, ಹೆಂಚಿನ ಸದ್ದಿನಲ್ಲಿ ಮಾತು ಕೇಳಿಸದೆ ಎಲ್ಲರೂ ಬೆಂಚುಗಳನ್ನು ಹತ್ತಿರಕ್ಕೆ ಎಳೆದುಕೊಂಡಿದ್ದರು. ಊರಿನಿಂದ ಹೋಗಿ ಹೊರಗೆ ಚೆನ್ನಾಗಿರುವವರೊಬ್ಬರು ಹುಡುಗಿಯರ ಹಾಸ್ಟೆಲ್ ಕಟ್ಟಿಸಿಕೊಡುವುದಾಗಿ ಮುಂದೆ ಬಂದಿದ್ದರು. ಅಧ್ಯಕ್ಷರು ಅದರ ಪರವಾಗಿದ್ದರು. ಅವರ ವಾದದಲ್ಲಿ ಹುರುಳಿತ್ತು. ಜುಲೈಯಲ್ಲಿ ಮಳೆ ರಜೆ ಎಂದು ರಾತ್ರಿ ಜಿಲ್ಲಾಡಳಿತದ ಪ್ರಕಟಣೆ ಬಂದರೆ ಮಾರನೆಯ ದಿನ ಪಾಠವಿಲ್ಲ, ಆಮೇಲೆ ಶನಿವಾರ ಮಧ್ಯಾಹ್ನ, ಭಾನುವಾರ ಎಂದು ಸರಿದೂಗಿಸಬೇಕು. ವಿದ್ಯುತ್ ಹೋದರೆ ಮೂರು ನಾಲ್ಕು ದಿನ ಬಾರದ ಒಂಟಿ ಮನೆಗಳಲ್ಲಿ ಮಕ್ಕಳು ಓದುವುದಾದರೂ ಹೇಗೆ? ಸುತ್ತಮುತ್ತ ಹೆಸರು ಮಾಡಿದ ಶಾಲೆಗಳೆಲ್ಲ ವಸತಿ ಶಾಲೆಗಳೇ ತಾನೇ? ಒಬ್ಬ ತಾಯಿ ಎದ್ದು, ಗಂಡ ತೀರಿಕೊಂಡ ಮೇಲೆ ಮನೆಯ ಕೆಲಸಕ್ಕೆ ಮಗಳನ್ನು ಹಿಡಿಯದೆ ಬೇರೆ ದಾರಿಯಿಲ್ಲ, ಹಾಸ್ಟೆಲ್ಲಿನಲ್ಲಾದರೆ ಅವಳು ಓದಿಕೊಂಡಾಳು ಎಂದರು. ಆ ಮಾತಿಗೆ ಎದುರಾಡುವ ಧೈರ್ಯ ನನಗೆ ಬರಲಿಲ್ಲ.

ಆಗ ಹಿಂದಿನ ಸಾಲಿನಿಂದ ಇನ್ನೊಬ್ಬ ತಾಯಿ ಮಾತಾಡಿದರು. ಅವರ ಮಗ ಎಂಟನೆಯ ತರಗತಿ, ಮಗಳು ಹತ್ತನೆಯ ತರಗತಿ, ಇಬ್ಬರೂ ನಮ್ಮಲ್ಲಿಯೇ. “ಮಗಳು ಓದಬೇಕು, ಮನೆಯಲ್ಲೂ ಇರಬೇಕು ಮೇಷ್ಟ್ರೇ. ಎರಡರಲ್ಲಿ ಯಾವುದು ಬೇಕು ಎಂದು ಮಗನ ವಿಷಯದಲ್ಲಿ ನೀವು ಯಾರೂ ನನ್ನನ್ನು ಕೇಳಲಿಲ್ಲವಲ್ಲ.” ಇಷ್ಟು ಹೇಳಿ ಕೂತುಬಿಟ್ಟರು. ಸಭೆಯ ದಿಕ್ಕು ತಿರುಗಿದ್ದು ಅಲ್ಲಿ.

ಹಾಸ್ಟೆಲ್ ಬೇಡ ಎಂದದ್ದಕ್ಕೆ ವ್ಯವಹಾರದ ಕಾರಣಗಳೂ ಇದ್ದವು. ಕಟ್ಟಡ ಕಟ್ಟಿಸಿಕೊಡುವವರು ಸಿಗುತ್ತಾರೆ, ದಿನವೂ ಅಡುಗೆ ಮಾಡಿಸುವವರು, ರಾತ್ರಿ ಜ್ವರ ಬಂದರೆ ಎದ್ದು ಕೂರುವವರು, ಹದಿಹರೆಯದ ಹೆಣ್ಣುಮಕ್ಕಳ ಹೊಣೆಯನ್ನು ಇಪ್ಪತ್ತನಾಲ್ಕು ಗಂಟೆ ಹೊರುವ ನಂಬಿಗಸ್ತ ವಾರ್ಡನ್ ಸಿಗುವುದು ಸುಲಭವಲ್ಲ. ತೋಟದ ಕೆಲಸದ ನಡುವೆ ತಿಂಗಳಿಗೊಮ್ಮೆ ಸೇರುವ ನಮ್ಮಂಥ ಮಂಡಳಿಗೆ ಅದು ಹೊರಲಾಗದ ಹೊರೆ. ಆದರೆ ನನ್ನ ಮಟ್ಟಿಗೆ ಆ ತಾಯಿ ಹೇಳಿದ್ದೇ ನಿಜವಾದ ಕಾರಣ. ಬಸ್ಸು ನಿಂತದ್ದು ಎಲ್ಲರಿಗೂ, ಮನೆ ಬಿಡಬೇಕಾದವರು ಹೆಣ್ಣುಮಕ್ಕಳು ಮಾತ್ರವೇ? ಸಂಜೆ ಮಕ್ಕಳನ್ನು ಮನೆಗೆ ಮುಟ್ಟಿಸಲಾಗದಿದ್ದರೆ ಶಾಲೆ ಎಂದು ನಾವು ಕಟ್ಟಿಕೊಂಡದ್ದರ ಅರ್ಧ ಬಿದ್ದುಹೋದ ಹಾಗೆ ಎಂದು ನಾನು ಅಂದು ವಾದಿಸಿದೆ, ಇಂದೂ ಅದೇ ಮಾತಿಗೆ ನಿಲ್ಲುತ್ತೇನೆ. ಗಂಡನನ್ನು ಕಳೆದುಕೊಂಡ ಆ ತಾಯಿ ಮಗಳನ್ನು ತಾಲ್ಲೂಕು ಕೇಂದ್ರದಲ್ಲಿರುವ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ಲಿಗೆ ಸೇರಿಸಿ ಬೇರೆ ಶಾಲೆಗೆ ಕಳಿಸಿದರು. ಅವರ ಪಾಲಿಗೆ ಅದು ಸರಿಯಾದ ನಿರ್ಧಾರ. ನಮ್ಮ ನಿರ್ಧಾರದಿಂದ ಅವರಿಗೆ ಏನೂ ಒದಗಲಿಲ್ಲ.

ವ್ಯಾನು ರಾತ್ರಿ ಎಲ್ಲಿ ನಿಲ್ಲಬೇಕು

ವ್ಯಾನು ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಕೈಯಿಂದ ಕೈಗೆ ದುಡ್ಡು ಕೂಡಿಸಿದರು, ಸಾಲದೆ ಬಂದದ್ದಕ್ಕೆ ಸಂಘದ ಸಾಲ. ಇಪ್ಪತ್ತನಾಲ್ಕು ಸೀಟಿನ ಹಳೆಯ ಮಿನಿ ಬಸ್ಸು. ಎಲ್ಲರೂ ಅದನ್ನು ವ್ಯಾನು ಎಂದೇ ಕರೆಯುತ್ತಾರೆ. ಹಳದಿ ಬಣ್ಣ, ವೇಗ ನಿಯಂತ್ರಕ, ಕಿಟಕಿಗೆ ಸರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲ ಆಯಿತು. ಎಂಟು ವರ್ಷ ದಾಟಿದ ಗಾಡಿಯಾದ್ದರಿಂದ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ, ಮಾಡಿಸಬೇಕು.

ಕೊಳ್ಳುವುದಕ್ಕಿಂತ ಓಡಿಸುವುದು ಕಷ್ಟ. ಶಾಲೆಯಲ್ಲಿ ನಿಲ್ಲುವ ವ್ಯಾನು ಬೆಳಿಗ್ಗೆ ಖಾಲಿಯಾಗಿ ಹದಿನೇಳು ಕಿಲೋಮೀಟರ್ ಹೋಗಿ ಮಕ್ಕಳನ್ನು ತರಬೇಕು, ಸಂಜೆ ಬಿಟ್ಟು ಖಾಲಿಯಾಗಿ ಹಿಂತಿರುಗಬೇಕು. ದಿನಕ್ಕೆ ಅರವತ್ತೆಂಟು ಕಿಲೋಮೀಟರ್, ಅದರಲ್ಲಿ ಅರ್ಧ ಖಾಲಿ ಓಡಾಟ. ಏರುರಸ್ತೆಯಲ್ಲಿ ಲೀಟರಿಗೆ ಎಂಟು ಕಿಲೋಮೀಟರ್ ಬಂದರೆ ಪುಣ್ಯ. ಲೀಟರಿಗೆ 88 ರೂಪಾಯಿಯಂತೆ ಇನ್ನೂರ ಇಪ್ಪತ್ತು ದಿನಕ್ಕೆ ಒಂದು ಲಕ್ಷ ಅರವತ್ತು ಸಾವಿರ ದಾಟುತ್ತದೆ. ನಾನು ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ಎಲ್ಲರ ಮುಖ ಇಳಿಯಿತು. ಹಳೆಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು ಆ ದಿನ ಸಭೆಗೆ ಬಂದಿದ್ದರು, ಅವರ ಮೊಮ್ಮಗಳು ನಮ್ಮಲ್ಲಿ ನಾಲ್ಕನೆಯ ತರಗತಿ. ಅವರೆಂದರು: “ನಮ್ಮ ಬಸ್ಸು ರಾತ್ರಿ ತುದಿಯಲ್ಲಿ ನಿಲ್ಲುತ್ತಿತ್ತಲ್ಲ, ಅದು ಸುಮ್ಮನೆ ನಿಲ್ಲುತ್ತಿರಲಿಲ್ಲ. ಡ್ರೈವರನ್ನು ಆ ಕೊನೆಯ ಊರಿನಿಂದಲೇ ಹುಡುಕಿ.” ಅಷ್ಟೇ. ವ್ಯಾನು ತುದಿಯಲ್ಲಿ ನಿಂತರೆ ಬೆಳಿಗ್ಗೆ ಹದಿನೇಳು, ಸಂಜೆ ಹದಿನೇಳು. ಡೀಸೆಲ್ ಅರ್ಧಕ್ಕೆ ಇಳಿದು ವರ್ಷಕ್ಕೆ ಎಂಬತ್ತೆರಡು ಸಾವಿರದ ಹತ್ತಿರ ಬಂತು. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ನನಗೆ ಅದು ಹೊಳೆದಿರಲಿಲ್ಲ. ಕೊನೆಯ ಊರಿನ ಯುವಕನೊಬ್ಬ ಚಾಲಕನಾಗಿ ಬಂದ. ಹಗಲು ಶಾಲೆಯಲ್ಲೇ ಇದ್ದು ಪಂಪು, ವಿದ್ಯುತ್, ಹೆಂಚಿನ ದುರಸ್ತಿ ನೋಡಿಕೊಳ್ಳುತ್ತಾನೆ. ವ್ಯಾನಿನಲ್ಲಿ ಕೊನೆಯ ಮಗು ಇಳಿಯುವವರೆಗೆ ಒಬ್ಬ ಆಯಾ ಇರುತ್ತಾರೆ.

ಸಂಬಳ, ವಿಮೆ, ಎಫ್‌ಸಿ, ಟಯರು ಎಲ್ಲ ಸೇರಿ ವರ್ಷದ ಖರ್ಚು ಮೂರು ಲಕ್ಷ ಎಂಬತ್ತು ಸಾವಿರ. ಹತ್ತುವ ಮಕ್ಕಳಿಂದ ತಿಂಗಳಿಗೆ ಏಳುನೂರರಂತೆ ಹತ್ತು ತಿಂಗಳಿಗೆ ಒಂದು ಲಕ್ಷ ಅರವತ್ತೆಂಟು ಸಾವಿರ. ಇನ್ನೊಂದು ಪಾಲಿಗೆ ಬೆಳೆಗಾರರು ದೇವಸ್ಥಾನಕ್ಕೆ ಕೊಡುವ ರೂಢಿಯನ್ನೇ ಶಾಲೆಗೂ ತಂದರು. ಇಪ್ಪತ್ತೆಂಟು ಮನೆಗಳವರು ಮನೆಗೆ ಹತ್ತು ಕೆ.ಜಿ. ಒಣ ಅಡಿಕೆಯನ್ನು ಮಂಡಿಯಲ್ಲಿ ಶಾಲೆಯ ಖಾತೆಗೆ ಹಾಕಲು ಒಪ್ಪಿದರು. ಆ ವರ್ಷದ ಧಾರಣೆಯಲ್ಲಿ ಅದು ಒಂದೂಕಾಲು ಲಕ್ಷಕ್ಕೆ ಸ್ವಲ್ಪ ಹೆಚ್ಚೇ ಆಯಿತು. ಉಳಿದ ಎಂಬತ್ತಾರು ಸಾವಿರವನ್ನು ಎಲ್ಲ ಮಕ್ಕಳ ಶುಲ್ಕಕ್ಕೆ ಸೇರಿಸುವುದೆಂದರೆ ಒಂದು ಮಗುವಿಗೆ ವರ್ಷಕ್ಕೆ ಐನೂರ ನಲವತ್ತು ರೂಪಾಯಿ.

ಜಗಳ ಹುಟ್ಟಿದ್ದು ಈ ಐನೂರ ನಲವತ್ತಕ್ಕೆ. ನಮ್ಮ ಮಗ ನಡೆದು ಬರುತ್ತಾನೆ, ವ್ಯಾನು ಹತ್ತುವುದೇ ಇಲ್ಲ, ನಾವೇಕೆ ಕೊಡಬೇಕು ಎಂದು ಹನ್ನೆರಡು ಮನೆಗಳವರು ಕೇಳಿದರು. ಕೂಲಿಯಿಂದ ಬದುಕುವ ಮನೆಗಳೂ ಅದರಲ್ಲಿದ್ದವು, ಅವರಿಗೆ ಅದು ಸಣ್ಣ ಮೊತ್ತವಲ್ಲ. ಅಂಥ ಐದು ಮನೆಗಳಿಗೆ ಬಿಟ್ಟೆವು. ಉಳಿದವರ ಮುಂದೆ ನಾನು ಇಟ್ಟ ಪ್ರಶ್ನೆ ಒಂದೇ: ಪ್ರಯೋಗಾಲಯದ ಖರ್ಚನ್ನು ಒಂದನೆಯ ತರಗತಿಯ ಮಗುವಿನ ಮನೆಯೂ ಕೊಡುತ್ತದೆ, ಖೋಖೋ ಕಂಬದ ಖರ್ಚನ್ನು ಆಡದವರೂ ಕೊಡುತ್ತಾರೆ, ವ್ಯಾನು ಮಾತ್ರ ಹೇಗೆ ಬೇರೆ? ಎಲ್ಲರೂ ಒಪ್ಪಿದರು ಎನ್ನಲಾರೆ. ಎರಡು ಮನೆಗಳು ಮಕ್ಕಳನ್ನು ಬಿಡಿಸಿಕೊಂಡು ಹೋದವು.

2023ರ ಜನವರಿಯಲ್ಲಿ ವ್ಯಾನು ಓಡತೊಡಗಿತು. ಮೊದಲ ಸಂಜೆ ನಾನೂ ಹತ್ತಿ ಕೊನೆಯವರೆಗೆ ಹೋದೆ. ಒಂದೊಂದೇ ತಿರುವಿನಲ್ಲಿ ಮಕ್ಕಳು ಇಳಿದು ಬೇಲಿಯ ತಡಬೆ ದಾಟಿ ತೋಟದೊಳಕ್ಕೆ ಮರೆಯಾಗುತ್ತಿದ್ದರು. ಕೊನೆಯ ನಿಲುಗಡೆಯಲ್ಲಿ ಉಣುಗೋಲಿನ ಬಳಿ ಟಾರ್ಚ್ ಹಿಡಿದು ಒಬ್ಬ ಅಜ್ಜಿ ನಿಂತಿದ್ದರು. ಇನ್ನೂ ಬೆಳಕಿತ್ತು. ಟಾರ್ಚ್ ಏಕೆ ಅಮ್ಮ ಎಂದು ಕೇಳಿದೆ. “ಅಭ್ಯಾಸ” ಎಂದರು. ಗಂಟೆ ಐದೂವರೆ.

ವೇಳಾಪಟ್ಟಿಯನ್ನು ಹಳೆಯ ಹಾಗೆಯೇ ತಂದೆವು. ನಾಲ್ಕೂ ಕಾಲಿಗೆ ಮೂರನೆಯ ಸಲ ಹಾಜರಿ ಹಾಕುವ ಕ್ರಮ ಮಾಡಿದೆವು. ಇಲಾಖೆಗೆ ಅದು ಬೇಕಿಲ್ಲ, ಉದ್ದನೆಯ ಬೇರೊಂದು ಪುಸ್ತಕದಲ್ಲಿ ನಮಗಾಗಿ ಬರೆದಿಡುತ್ತೇವೆ. ಮೊದಲ ಎರಡು ತಿಂಗಳು ಅದನ್ನು ನಾನೇ ತುಂಬಿದೆ. ಆ ಹದಿನಾರರಲ್ಲಿ ಉಳಿದಿದ್ದ ಹುಡುಗಿಯರ ಹೆಸರಿನ ಮುಂದೆ ಖಾಲಿ ಮನೆಗಳು ಸಿಕ್ಕಿದ್ದು ಮೂರೋ ನಾಲ್ಕೋ, ಅದೂ ಜ್ವರಕ್ಕೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಏರಿತೇ ಎಂದು ಕೇಳುವವರಿದ್ದಾರೆ. ಹತ್ತೊಂಬತ್ತು ಮಕ್ಕಳ ತರಗತಿಯ ಒಂದೆರಡು ವರ್ಷದ ಅಂಕಗಳಿಂದ ಏನನ್ನಾದರೂ ಸಾಧಿಸಿ ತೋರಿಸಿದರೆ ಅದು ಗಣಿತಕ್ಕೆ ಮಾಡುವ ಅನ್ಯಾಯ. ಖೋಖೋ ತಂಡ 2023ರಲ್ಲಿ ಮತ್ತೆ ಹೋಬಳಿ ಮಟ್ಟಕ್ಕೆ ಹೋಯಿತು, ಮೊದಲ ಸುತ್ತಿನಲ್ಲಿ ಸೋತಿತು. ‘ಬಾಕಿ’ ಎಂದು ಬರೆದುಕೊಂಡಿದ್ದ ಹುಡುಗಿಗೆ ಇದರ ಪ್ರಯೋಜನ ಸಿಗಲಿಲ್ಲ. ಅವಳು ಅಷ್ಟರಲ್ಲಿ ಹತ್ತನೆಯ ತರಗತಿ ಮುಗಿಸಿ ಹೋಗಿದ್ದಳು. ಆ ನೋವು ನನ್ನಲ್ಲಿ ಉಳಿದಿದೆ.

ಎಲೆಚುಕ್ಕಿ ರೋಗ ನಮ್ಮ ಕಡೆಯ ತೋಟಗಳನ್ನು ಹಿಡಿದ ಮೇಲೆ ಮಂಡಿಯ ಖಾತೆಗೆ ಬರುವ ಅಡಿಕೆ ಇಳಿಯುತ್ತಿದೆ. ಎರಡನೆಯ ವರ್ಷ ಇಪ್ಪತ್ತೆಂಟರಲ್ಲಿ ಹತ್ತೊಂಬತ್ತು ಮನೆಗಳಷ್ಟೇ ಕೊಡಲು ಸಾಧ್ಯವಾಯಿತು, ಕೆಲವರು ಐದು ಕೆ.ಜಿ. ಕೊಟ್ಟರು. ಮನೆಗಳಲ್ಲಿ ಮಕ್ಕಳೂ ಕಡಿಮೆಯಾಗುತ್ತಿದ್ದಾರೆ. ಮೊದಲು ಮೂವರು ಹತ್ತುತ್ತಿದ್ದ ತಿರುವಿನಲ್ಲಿ ಈಗ ಒಬ್ಬರು. ಈ ಸಲ ಹತ್ತನೆಯ ತರಗತಿಯವರು ಹೋದ ಮೇಲೆ, ಕೊನೆಯ ನಾಲ್ಕು ಕಿಲೋಮೀಟರ್‌ನಲ್ಲಿ ವ್ಯಾನು ಹತ್ತುವವಳು ಒಬ್ಬಳೇ ಉಳಿಯುತ್ತಾಳೆ. ಟಾರ್ಚ್ ಹಿಡಿದು ನಿಲ್ಲುವ ಅಜ್ಜಿಯ ಮೊಮ್ಮಗಳು, ಜೂನ್‌ಗೆ ಏಳನೆಯ ತರಗತಿ. ಅವಳೊಬ್ಬಳಿಗಾಗಿ ಅಲ್ಲಿಯವರೆಗೆ ಹೋಗಬೇಕೇ, ಅಥವಾ ನಾಲ್ಕು ಕಿಲೋಮೀಟರ್ ಈಚೆಗೆ ಬಂದು ಹತ್ತಲಿ ಎನ್ನಬೇಕೇ ಎಂಬುದು ಮಾರ್ಚ್ ಸಭೆಯ ಕಾರ್ಯಸೂಚಿಯಲ್ಲಿ ನಾಲ್ಕನೆಯ ವಿಷಯವಾಗಿತ್ತು. ಹತ್ತು ನಿಮಿಷ ಚರ್ಚೆಯಾಯಿತು. ವ್ಯಾನು ಹೇಗೂ ರಾತ್ರಿ ನಿಲ್ಲುವುದು ಅಲ್ಲಿಯೇ ಎಂದು ಚಾಲಕ ನೆನಪಿಸಿದ. ನಡಾವಳಿ ಪುಸ್ತಕದಲ್ಲಿ “ಈಗಿನಂತೆಯೇ ಮುಂದುವರಿಸುವುದು” ಎಂದು ಬರೆದು ಏಳು ಜನ ಸಹಿ ಹಾಕಿದೆವು.